ಪುಟಸಂಖ್ಯೆ ಹೋದ ಮೇಲೆ: ಆನ್‌ಲೈನ್ ಸುದ್ದಿಯ ಉಲ್ಲೇಖ ಕಗ್ಗಂಟಾದ ಬಗೆ

ಅಚ್ಚಿನ ಪತ್ರಿಕೆಯ ಕಾಲದಲ್ಲಿ ಅಡಿಟಿಪ್ಪಣಿಗೆ ಬರೆದವರ ಹೆಸರು, ಶೀರ್ಷಿಕೆ, ಪತ್ರಿಕೆ, ದಿನಾಂಕ, ಪುಟ ಇಷ್ಟಿದ್ದರೆ ಸಾಕಿತ್ತು. 1990ರ ದಶಕದಲ್ಲಿ ಪತ್ರಿಕೆಗಳು ಜಾಲತಾಣ ತೆರೆದವು, ಪುಟಸಂಖ್ಯೆಯ ಜಾಗಕ್ಕೆ ಯುಆರ್‌ಎಲ್, ಅಂದರೆ ಪುಟದ ಜಾಲವಿಳಾಸ, ಬಂತು.

ಈ ಯುಆರ್‌ಎಲ್ ವಿಷಯದಲ್ಲಿ ಉಲ್ಲೇಖದ ಕ್ರಮ ಹೇಳಿಕೊಡುವ ಶೈಲಿ ಕೈಪಿಡಿಗಳು ಹಿಂದೆಮುಂದೆ ನೋಡುತ್ತಲೇ ಬಂದವು. 2009ರಲ್ಲಿ ಅಮೆರಿಕದ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ ಕೈಪಿಡಿಯ (ಎಂಎಲ್ಎ) ಏಳನೆಯ ಆವೃತ್ತಿ ಅದು ಕಡ್ಡಾಯವಲ್ಲ ಎಂದಿತು. ಅದೇ ವರ್ಷ ಬಂದ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಕೈಪಿಡಿಯ (ಎಪಿಎ) ಆರನೆಯ ಆವೃತ್ತಿಗೆ ಪತ್ರಿಕೆಯ ಮುಖಪುಟದ ವಿಳಾಸವೇ ಸಾಕಾಗಿತ್ತು. ಉದ್ದನೆಯ ಕೊಂಡಿ ಬೇಗ ಕೆಡುತ್ತದೆ ಎಂಬ ಅಳುಕು ಸುಳ್ಳೇನಲ್ಲ: ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪುಗಳಲ್ಲಿದ್ದ ಕೊಂಡಿಗಳ ಪೈಕಿ ಅರ್ಧದಷ್ಟು ಮೂಲ ಮಾಹಿತಿಗೆ ತಲುಪುತ್ತಿಲ್ಲ ಎಂದು ಹಾರ್ವರ್ಡ್ ಸಂಶೋಧಕರು 2013ರಲ್ಲಿ ತೋರಿಸಿದರು. ಆದರೆ ವಿಳಾಸ ಕೈಬಿಟ್ಟಿದ್ದರಿಂದ ಓದುಗರ ಕೈಗೆ ಉಳಿದದ್ದು ಶೀರ್ಷಿಕೆಯೊಂದೇ. 2016ರಲ್ಲಿ ಎಂಎಲ್ಎ, 2019ರಲ್ಲಿ ಎಪಿಎ ಮತ್ತೆ ಲೇಖನದ ಪೂರ್ತಿ ವಿಳಾಸಕ್ಕೇ ಮರಳಿದವು.

ಕೆಟ್ಟ ಕೊಂಡಿಯಾದರೆ ಕ್ಲಿಕ್ಕಿಸಿದ ಕೂಡಲೇ ಗೊತ್ತಾಗುತ್ತದೆ. ತೆರೆಯುವ ಕೊಂಡಿಯೊಳಗೆ ಬದಲಾಗಿರುವ ಸುದ್ದಿ ಹಾಗೆ ಗೊತ್ತಾಗುವುದಿಲ್ಲ, ಹೆಚ್ಚು ತೊಂದರೆ ಕೊಡುವುದು ಅದೇ. ಅಪಘಾತದ ವರದಿಯೊಂದು ಬೆಳಿಗ್ಗೆ 9ಕ್ಕೆ ‘ನಾಲ್ವರ ಸಾವು’ ಎನ್ನುತ್ತದೆ, ಸಂಜೆ ಅದೇ ವಿಳಾಸದಲ್ಲಿ ‘ಏಳು ಮಂದಿ’ ಎಂದಿರುತ್ತದೆ. ಬೆಳಗಿನ ಸಂಖ್ಯೆ ಬಳಸಿದ ವಿದ್ಯಾರ್ಥಿಯನ್ನು ಪರೀಕ್ಷಕರು ತಪ್ಪುಗಾರರೆಂದೇ ತಿಳಿಯುತ್ತಾರೆ. ಹಾಗಾಗಿ ಪ್ರಕಟವಾದ ದಿನದ ಜೊತೆಗೆ, ಪುಟದಲ್ಲಿ ಕಂಡರೆ ‘ಅಪ್‌ಡೇಟ್’ ಆದ ದಿನ, ಹೊತ್ತನ್ನೂ ಟಿಪ್ಪಣಿ ಮಾಡಿಕೊಳ್ಳಬೇಕು. ಶೀರ್ಷಿಕೆಯನ್ನು ತೆರೆಯ ಮೇಲೆ ಕಂಡಂತೆಯೇ ಬರೆಯಬೇಕು. ಅಚ್ಚಿನಲ್ಲಿ ಅದೇ ವರದಿಗೆ ಬೇರೆ ಶೀರ್ಷಿಕೆ ಇರುವುದು ಮಾಮೂಲು.

ಓದಿದ ದಿನವೇ ಪುಟದ ಪ್ರತಿಯನ್ನು ಜಾಲಪುಟಗಳನ್ನು ಕಾಪಿಡುವ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿಬಿಡುವುದು ಒಳ್ಳೆಯದು. 2001ರಿಂದ ಸಾರ್ವಜನಿಕರಿಗೆ ತೆರೆದಿರುವ ಈ ಸೇವೆ ಕೊಡುವ ಕೊಂಡಿಯಲ್ಲಿ 14 ಅಂಕಿಗಳಿರುತ್ತವೆ: ವರ್ಷಕ್ಕೆ ನಾಲ್ಕು, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡಿಗೆ ಎರಡೆರಡು. ಆ ಹೊತ್ತು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದ್ದು, ಸ್ಥಳೀಯ ಸಮಯವಲ್ಲ. ಉಳಿಸಿದ ಮೇಲೆ ಆ ಪ್ರತಿಯನ್ನು ತೆರೆದು ಕೊನೆಯವರೆಗೂ ನೋಡಲೇಬೇಕು. ಚಂದಾದಾರರಿಗಷ್ಟೇ ಪೂರ್ತಿ ಓದಲು ಬಿಡುವ ಚಂದಾ ಗೋಡೆಯಿರುವ ಪತ್ರಿಕೆಯಾದರೆ ಮೊದಲೆರಡು ಪ್ಯಾರಾ ಮಾತ್ರ ಸಿಕ್ಕಿರಬಹುದು.

ವಿಳಾಸವನ್ನು ನಕಲಿಸುವಾಗ ಪ್ರಶ್ನಾರ್ಥಕ ಚಿಹ್ನೆಯ ನಂತರದ ಬಾಲ ಸಾಮಾನ್ಯವಾಗಿ ಓದುಗರು ಎಲ್ಲಿಂದ ಬಂದರೆಂಬ ಲೆಕ್ಕಕ್ಕೆ ಸೇರಿಸಿದ್ದು, ಅದನ್ನು ಕತ್ತರಿಸಬಹುದು. ಕೆಲವು ತಾಣಗಳಲ್ಲಿ ಲೇಖನದ ಸಂಖ್ಯೆಯೇ ಆ ಬಾಲದಲ್ಲಿರುತ್ತದೆ, ಆದ್ದರಿಂದ ಕತ್ತರಿಸಿದ್ದನ್ನು ಹೊಸ ಕಿಟಕಿಯಲ್ಲಿ ತೆರೆದು ನೋಡದೆ ಬಳಸಬಾರದು.

ಬರೆದವರ ಹೆಸರಿಲ್ಲದಿದ್ದರೆ ಶೀರ್ಷಿಕೆಯೇ ಆ ಜಾಗಕ್ಕೆ ಬರುತ್ತದೆ. ಪುಟಸಂಖ್ಯೆ ಇಲ್ಲದ ಕಡೆ ಉದ್ಧರಿಸಿದ ವಾಕ್ಯಕ್ಕೆ ಎಪಿಎ ಪ್ಯಾರಾ ಸಂಖ್ಯೆ ಕೇಳುತ್ತದೆ. ಎಣಿಸುವಾಗ ಚಿತ್ರದ ಅಡಿಬರಹ, ನಡುವೆ ತೂರಿಸಿದ ‘ಇದನ್ನೂ ಓದಿ’ ಸಾಲುಗಳನ್ನು ಬಿಟ್ಟುಬಿಡಬೇಕು.