ಹಳೇ ಲೈನ್ ವೈಂಡರ್ ನೋಡಲು ಹೋಗುವಾಗ ಜೇಬಲ್ಲಿ ಸ್ವಲ್ಪ ಹತ್ತಿ ಇರಲಿ

ಮಲ್ಪೆ ಹತ್ತಿರ ನನ್ನದೊಂದು ಚಿಕ್ಕ ಅಂಗಡಿ. ಗಾಳ, ರಾಡ್, ರೀಲ್ ಮಾರುತ್ತೇನೆ, ಹಳೇ ರೀಲ್ ರಿಪೇರಿ ಮಾಡುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡ ಸೇರುತ್ತವಲ್ಲ, ಆ ಎರಡು ತಿಂಗಳು ನನ್ನ ಟೇಬಲ್ ಮೇಲೆ ಚಹಾ ಲೋಟ ಇಡಲೂ ಜಾಗ ಇರುವುದಿಲ್ಲ. ಮಳೆಗೆ ಮನೆಯಲ್ಲಿ ಕೂತವರೆಲ್ಲ ಅಟ್ಟದಿಂದ ರೀಲ್ ಇಳಿಸಿ ತರುತ್ತಾರೆ. ಈಚೆಗೆ ಅವರಲ್ಲೇ ಕೆಲವರು ಇನ್ನೊಂದು ಪ್ರಶ್ನೆ ತರುತ್ತಿದ್ದಾರೆ: "ಅಣ್ಣಾ, ಸೆಕೆಂಡ್ ಹ್ಯಾಂಡ್ ಲೈನ್ ವೈಂಡರ್ ಒಂದು ಸಿಕ್ಕಿದೆ, ತೆಗೊಳ್ಬಹುದಾ?"

ಅಂಗಡಿಯ ದೊಡ್ಡ ಉಂಡೆಯಿಂದ ದಾರವನ್ನು ನಿಮ್ಮ ರೀಲಿನ ಸ್ಪೂಲ್‌ಗೆ ಸುತ್ತುವ ಮೆಷಿನ್ ಇದು. ಇಲ್ಲದವರು ಏನು ಮಾಡುತ್ತಾರೆ ಗೊತ್ತಲ್ಲ? ಉಂಡೆಯ ತೂತಿಗೆ ಪೆನ್ಸಿಲ್ ತೂರಿಸಿ ಮಗನ ಕೈಗೆ ಕೊಟ್ಟು ತಾವು ರೀಲ್ ತಿರುಗಿಸುತ್ತಾರೆ. ಮಗನ ಗಮನ ಟಿವಿ ಕಡೆ ಹೋದಾಗೆಲ್ಲ ದಾರ ಸಡಿಲ. ಹಾಗೆ ಸಡಿಲ ಸುತ್ತಿದ ಬ್ರೇಡ್ (ಸಣ್ಣ ಎಳೆಗಳನ್ನು ಹೆಣೆದ ದಾರ) ಮೇಲೆ ದೊಡ್ಡ ಮೀನು ಎಳೆದರೆ ಮೇಲಿನ ಸುತ್ತು ಕೆಳಗಿನ ಸುತ್ತುಗಳ ಒಳಗೆ ಹೂತುಹೋಗುತ್ತದೆ. ಮುಂದಿನ ಎಸೆತಕ್ಕೆ ಅಲ್ಲೇ ಸಿಕ್ಕಿ ಪಟ್ ಅಂತ ತುಂಡಾಗುತ್ತದೆ. ಬೈಗುಳ ಮಾತ್ರ ರೀಲಿಗೆ.

ನನ್ನ ಮೊದಲ ವೈಂಡರ್ ಮೀನಿನ ಅಂಗಡಿಯದ್ದೇ ಅಲ್ಲ. ಬಾಗಿಲು ಹಾಕಿದ ಒಂದು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಸಿಕ್ಕ, ಫ್ಯಾನ್ ಕಾಯಿಲ್ ಸುತ್ತುವ ಕೈ ಮೆಷಿನ್. ತಾಮ್ರದ ತಂತಿ ಸುತ್ತುವುದಕ್ಕೂ ನೈಲಾನ್ ಸುತ್ತುವುದಕ್ಕೂ ಅಂಥ ವ್ಯತ್ಯಾಸ ಏನಿಲ್ಲ. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ನೂಲಿನ ಗಿರಣಿ ನಡೆಸುತ್ತಿದ್ದ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ 1905ರಲ್ಲಿ ಪೇಟೆಂಟ್ ತೆಗೆದ ರೀಲೇ ಇವತ್ತಿನ ಸ್ಪಿನ್ನಿಂಗ್ ರೀಲಿನ ಅಜ್ಜ. ಹಾಗಾಗಿ ಗಿರಣಿಗೂ ಗಾಳಕ್ಕೂ ನೆಂಟಸ್ತಿಕೆ ಹಳೆಯದೇ.

ಮೆಷಿನ್ ನೋಡಲು ಹೋದಾಗ ಪೇಂಟ್ ನೋಡಬೇಡಿ. ದಾರ ಎಲ್ಲೆಲ್ಲಿ ತಾಗಿಕೊಂಡು ಹೋಗುತ್ತದೋ ಅಷ್ಟನ್ನು ನೋಡಿ. ಹತ್ತಿ ಬೇಕಾಗುವುದು ಇಲ್ಲೇ. ಚಿಟಿಕೆಯಷ್ಟು ಹತ್ತಿಯನ್ನು ದಾರ ಹಾಯುವ ಬಳೆಯ ಒಳಗೆ, ರೋಲರ್ ಮೇಲೆ ನಿಧಾನ ಸವರಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಕಣ್ಣಿಗೆ ಕಾಣದ ಗೀರು ಇದೆ ಎಂದರ್ಥ. ಬ್ರೇಡ್ ನೋಡಲು ಮೆತ್ತಗೆ, ಆದರೆ ವರ್ಷಗಟ್ಟಲೆ ಓಡಿದರೆ ಲೋಹವನ್ನೂ ಕೊರೆಯುತ್ತದೆ. ಅಂಥ ಗೀರಿನ ಮೇಲೆ 300 ಮೀಟರ್ ಹೊಸ ದಾರ ಓಡಿಸಿದರೆ 300 ಮೀಟರೂ ಹಾಳು. ಬಳೆ ಬದಲಿಸಲು ಖರ್ಚಿಲ್ಲ, ಹಳೇ ರಾಡ್ ಮುರಿದದ್ದಿದ್ದರೆ ಅದರ ಸೆರಾಮಿಕ್ ಬಳೆ (ಗೈಡ್) ಬಿಚ್ಚಿ ಕೂರಿಸಿ. ಆದರೆ ಕೊಳ್ಳುವ ಮುಂಚೆ ಗೊತ್ತಿದ್ದರೆ ಚೌಕಾಸಿಗೆ ಒಂದು ಮಾತು ಸಿಗುತ್ತದೆ, ಅಲ್ವಾ?

ಆಮೇಲೆ ಸ್ಪಿಂಡಲ್, ಅಂದರೆ ಸ್ಪೂಲ್ ಕೂರಿಸಿ ತಿರುಗಿಸುವ ಕಡ್ಡಿ. ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕಟಕಟ ಅಂದರೆ ಅದು ತಿರುಗುವ ಲೋಹದ ಕೊಳವೆ, ಬುಷ್, ಸವೆದಿದೆ. ಇದಕ್ಕೆ ಹೆದರಬೇಕಿಲ್ಲ, ಲೇತ್ ಅಂಗಡಿಯಲ್ಲಿ ಗನ್‌ಮೆಟಲ್ ಬುಷ್ ಅರ್ಧ ದಿನದಲ್ಲಿ ಮಾಡಿಕೊಡುತ್ತಾರೆ. ಹೆದರಬೇಕಾದ್ದು ಸ್ಪಿಂಡಲೇ ಬೆಂಡಾಗಿದ್ದರೆ. ತುದಿಯ ಹತ್ತಿರ ಪೆನ್ಸಿಲ್ ಮೊನೆ ಹಿಡಿದು ನಿಧಾನಕ್ಕೆ ತಿರುಗಿಸಿ. ಮೊನೆಗೂ ತುದಿಗೂ ನಡುವಿನ ಸಂದು ಒಮ್ಮೆ ಜಾಸ್ತಿ ಒಮ್ಮೆ ಕಮ್ಮಿ ಆದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಮೋಟಾರ್ ಇರುವ ಮೆಷಿನ್‌ಗಳಲ್ಲಿ ಬಹಳಷ್ಟಕ್ಕೆ ಹೊಲಿಗೆ ಮೆಷಿನ್ ಮೋಟಾರನ್ನೇ ಪೆಡಲ್ ಸಮೇತ ಕೂರಿಸಿರುತ್ತಾರೆ. ಕಿಡಿ ಜಾಸ್ತಿ ಹಾರಿದರೆ ಮೊದಲು ಮೋಟಾರಿನ ಕಾರ್ಬನ್ ಬ್ರಷ್ ಬದಲಿಸಿ. ಬಾಡಿ ಕಬ್ಬಿಣದ್ದಾದರೆ ಟೆಸ್ಟರ್ ಇಟ್ಟು ನೋಡಿ, ಅರ್ಥಿಂಗ್ ಇಲ್ಲದೆ ಒದ್ದೆ ಕೈಯಲ್ಲಿ ಮುಟ್ಟಬೇಡಿ.

ಮೋಸ ಹೋಗುವುದು ಹೆಚ್ಚಾಗಿ ಮೆಷಿನ್ ಸುತ್ತಿದ್ದನ್ನು ಎಣಿಸುವ ಕೌಂಟರಿನಲ್ಲಿ. ಕಾಯಿಲ್ ಮೆಷಿನ್‌ನ ಕೌಂಟರ್ ಎಣಿಸುವುದು ಸುತ್ತು, ಮೀಟರ್ ಅಲ್ಲ. ಲೆಕ್ಕ ನೀವೇ ಹಾಕಬೇಕು. ಖಾಲಿ ಸ್ಪೂಲ್ 40 ಮಿಲಿಮೀಟರ್ ಅಡ್ಡಳತೆ, ತುಂಬಿದಾಗ 50 ಅಂದುಕೊಳ್ಳಿ. ಸರಾಸರಿ 45. ಅದನ್ನು 3.14ರಿಂದ ಗುಣಿಸಿದರೆ ಒಂದು ಸುತ್ತಿಗೆ ಸುಮಾರು 141 ಮಿಲಿಮೀಟರ್ ದಾರ. 150 ಮೀಟರ್‌ಗೆ ಸುಮಾರು 1,060 ಸುತ್ತು. ನನ್ನ ಗೋಡೆ ಮೇಲೆ ಇಂಥ ಲೆಕ್ಕ ಪೆನ್ಸಿಲಿನಲ್ಲಿ ತುಂಬಿಹೋಗಿದೆ.

ಮೀಟರನ್ನೇ ತೋರಿಸುವ ಕೌಂಟರಿನಲ್ಲಿ ಒಂದು ರಬ್ಬರ್ ಚಕ್ರ ದಾರದ ಜೊತೆ ಉರುಳುತ್ತದೆ. ಆ ರಬ್ಬರ್ ಸವೆದು ಚಕ್ರ ಚಿಕ್ಕದಾದರೆ ಅದೇ ದಾರಕ್ಕೆ ಜಾಸ್ತಿ ಸುತ್ತು ಹಾಕುತ್ತದೆ, ಕೌಂಟರ್ 100 ಅಂದಾಗ ಗಿರಾಕಿಗೆ ಸಿಗುವುದು 100ಕ್ಕಿಂತ ಕಮ್ಮಿ. ರಬ್ಬರ್ ಗಟ್ಟಿಯಾಗಿ ನುಣುಪಾದರೆ ಇದರ ಉಲ್ಟಾ. ಸಣ್ಣ ಬ್ರೇಡ್ ಜಾರಿಕೊಂಡು ಹೋಗುತ್ತದೆ, ಚಕ್ರ ಸುಮ್ನೆ ನಿಂತಿರುತ್ತದೆ, ನಷ್ಟ ಅಂಗಡಿಯವನಿಗೆ. ಟೇಪಿನಲ್ಲಿ 10 ಮೀಟರ್ ಅಳೆದ ದಾರ ಜೊತೆಗೆ ಒಯ್ದು ಅಲ್ಲೇ ಓಡಿಸಿ ನೋಡಿ. ಮಾರುವವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಮೆಷಿನ್ ಮನೆಗೆ ತಂದ ಮೇಲೆ ಮೊದಲು ಮಾಡುವ ರಿಪೇರಿ ಫೆಲ್ಟ್. ದಾರವನ್ನು ಎರಡು ಕಡೆಯಿಂದ ಒತ್ತಿ ಬಿಗಿ ಕೊಡುವ ಉಣ್ಣೆಯ ಬಿಲ್ಲೆಗಳು ಅವು. ಹಳೇ ಮೆಷಿನ್‌ನಲ್ಲಿ ಅದರ ಮಧ್ಯೆ ಕಾಲುವೆ ಬಿದ್ದಿರುತ್ತದೆ, ದಾರ ಬಿಗಿಯೇ ಇಲ್ಲದೆ ಅದರಲ್ಲಿ ಹಾದುಹೋಗುತ್ತದೆ. ಹೊಸದು ಹಾಕಿ, ದಾರದ ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು ನೋಡಿ. ನಾನು ಬ್ರೇಡಿಗೆ ಒಂದೂವರೆ ಕಿಲೋ ಸುಮಾರಿಗೆ ಇಡುತ್ತೇನೆ, ಫೆಲ್ಟ್ ಒದ್ದೆ ಮಾಡಿಕೊಂಡು. ಒಣ ಫೆಲ್ಟಿನಲ್ಲಿ ವೇಗವಾಗಿ ಎಳೆದರೆ ದಾರ ಬಿಸಿಯಾಗುತ್ತದೆ. ನೈಲಾನಿಗೆ ಅರ್ಧ ಕಿಲೋ ಸಾಕು. ಅದು ಹಿಗ್ಗುವ ದಾರ. ಹಿಗ್ಗಿಸಿ ಸುತ್ತಿದರೆ ಸ್ಪೂಲ್ ಮೇಲೆ ಕೂತು ಮತ್ತೆ ಕುಗ್ಗಲು ನೋಡುತ್ತದೆ. ಒಂದು ಸುತ್ತಿನದು ಏನಲ್ಲ, ಸಾವಿರ ಸುತ್ತು ಸೇರಿ ಹಿಂಡಿದರೆ ಪ್ಲಾಸ್ಟಿಕ್ ಸ್ಪೂಲ್ ಬಿರುಕು ಬಿಡುತ್ತದೆ. ನನ್ನ ಡ್ರಾಯರಿನಲ್ಲಿ ಹಾಗೆ ಸೀಳಿದ ಒಂದು ಸ್ಪೂಲ್ ಇದೆ, ಬಿಗಿ ಸುತ್ತಿ ಕೊಡಿ ಅನ್ನುವವರಿಗೆ ತೋರಿಸಲು.

ಇನ್ನು ದಿಕ್ಕಿನ ವಿಷಯ. ಇದರಲ್ಲಿ ನಾನೇ ಎಡವಿದ್ದೇನೆ. ಸ್ಪಿನ್ನಿಂಗ್ ರೀಲಿನಲ್ಲಿ ಸ್ಪೂಲ್ ನಿಂತಿರುತ್ತದೆ, ದಾರ ಹಿಡಿದು ಸುತ್ತುವ ತಂತಿಯ ಕಮಾನು, ಅಂದರೆ ಬೇಲ್, ಅದರ ಸುತ್ತ ತಿರುಗುತ್ತದೆ. ಮೆಷಿನ್‌ನಲ್ಲಿ ಸ್ಪೂಲೇ ತಿರುಗುತ್ತದೆ. ಹಗ್ಗ ಹಿಡಿದು ಕಂಬದ ಸುತ್ತ ನಡೆಯುವುದು ಒಂದು, ನಿಂತಲ್ಲೇ ನಿಂತು ಕಂಬ ತಿರುಗಿಸುವುದು ಇನ್ನೊಂದು. ಸುತ್ತು ಒಂದೇ ಥರ ಬೀಳಬೇಕಾದರೆ ಕಂಬ ಉಲ್ಟಾ ತಿರುಗಬೇಕು. ಇದು ತಲೆಗೆ ಹೋಗದೆ, ಹೊಸದರಲ್ಲಿ ಬೇಲ್ ತಿರುಗುವ ಕಡೆಗೇ ಸ್ಪೂಲ್ ತಿರುಗಿಸಿ 200 ಮೀಟರ್ ಸುತ್ತಿ ಕೊಟ್ಟಿದ್ದೆ. ಗಲ್ಫಿನಿಂದ ರಜೆಗೆ ಬಂದವರ ರೀಲ್. ಸಂಜೆಯೇ ವಾಪಸ್ ಬಂದರು. "ಮಾರಾಯ, ಹ್ಯಾಂಡಲ್ ತಿರುಗಿಸಿದ್ರೆ ಲೈನ್ ಒಳಗೆ ಬರುದಿಲ್ಲ, ಬಿಚ್ಚಿ ಹೊರಗೆ ಹೋಗ್ತದೆ!" ಎರಡು ಕಪ್ ಚಹಾ ಕುಡಿಸಿ, ಎಲ್ಲ ಬಿಚ್ಚಿ ಮತ್ತೆ ಸುತ್ತಿದೆ.

ಅವತ್ತಿನಿಂದ ರೀಲಿನಿಂದ ಸ್ಪೂಲ್ ತೆಗೆಯುವ ಮುಂಚೆ ಹ್ಯಾಂಡಲ್ ಒಂದು ಸುತ್ತು ತಿರುಗಿಸಿ ನೋಡುತ್ತೇನೆ. ಬೇಲ್ ಹೋದ ದಿಕ್ಕಿಗೆ ವಿರುದ್ಧವಾಗಿ ಸ್ಪೂಲಿನ ಮುಖದ ಮೇಲೆ ಮಾರ್ಕರಿನಲ್ಲಿ ಬಾಣ ಎಳೆಯುತ್ತೇನೆ. ಮೆಷಿನ್ ಆ ಬಾಣದ ಕಡೆ ತಿರುಗಬೇಕು. ಕೆಲಸ ಮುಗಿದ ಮೇಲೆ ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿಬಿಡುತ್ತೇನೆ. ಕೆಲವರು ಮಾತ್ರ, "ಇರಲಿ ಬಿಡಿ, ಮುಂದಿನ ಸಲಕ್ಕೆ ಬೇಕಾಗ್ತದೆ" ಅನ್ನುತ್ತಾರೆ.