ತಳದಲ್ಲಿ ಸುಮ್ಮನೆ ನಿಂತ ಮೀನು ಆರಾಮಾಗಿಲ್ಲ
ಜೀಬ್ರಾ ಮೀನನ್ನು ಹೊಸ ತೊಟ್ಟಿಗೆ ಬಿಟ್ಟು ನೋಡಿ. ಸೀದಾ ತಳಕ್ಕೆ ಇಳಿಯುತ್ತದೆ. ಕೊಂಚ ಹೊತ್ತು ಅಲ್ಲೇ ಇದ್ದು, ನಡುವಿಗೆ ಬಂದು, ಮತ್ತೆ ಕೆಳಗಿಳಿದು, ಆಮೇಲೆ ನಿಧಾನಕ್ಕೆ ಮೇಲಿನ ನೀರಿಗೂ ಹೋಗಿ ನೋಡುತ್ತದೆ. ಲ್ಯಾಬಿನಲ್ಲಿ ನಾವು ಸಾಮಾನ್ಯವಾಗಿ 6 ನಿಮಿಷ ಇದನ್ನೇ ವಿಡಿಯೊ ಮಾಡುತ್ತೇವೆ. ಅಲ್ಲಾಡದೆ ನಿಂತ ಮೀನು ಕಂಡರೆ ಹೊಸ ವಿದ್ಯಾರ್ಥಿಗಳು 'ಎಷ್ಟು ಶಾಂತವಾಗಿದೆ' ಅನ್ನುತ್ತಾರೆ. ಶಾಂತವಾಗಿಲ್ಲ, ಹೆದರಿದೆ. ಕಣ್ಣು, ಕಿವಿರು ಬಿಟ್ಟರೆ ಮೈಯಲ್ಲಿ ಬೇರೇನೂ ಅಲ್ಲಾಡುತ್ತಿರುವುದಿಲ್ಲ, ಗಮನಿಸಿ.

ಹೆದರುವುದು ತಪ್ಪಲ್ಲ. ಹೊಸ ಜಾಗದಲ್ಲಿ ಹೆದರದ ಮೀನು ಜಾಸ್ತಿ ದಿನ ಬದುಕುವುದು ಕಷ್ಟ. ನಾನು ನೋಡುವುದು ಹೆದರಿಕೆ ಇಳಿಯುತ್ತದೆಯೇ, ಎಷ್ಟು ಬೇಗ ಇಳಿಯುತ್ತದೆ ಅಂತ.

ಇಲ್ಲಿ ಕಾರ್ಟಿಸೋಲ್ ಬರುತ್ತದೆ. ಇಲಿಯ ಮುಖ್ಯ ಒತ್ತಡದ ಹಾರ್ಮೋನು ಕಾರ್ಟಿಕೋಸ್ಟೆರಾನ್, ಮೀನಿನದು ನಮ್ಮ ಹಾಗೇ ಕಾರ್ಟಿಸೋಲ್. ಇದು ಗಾಬರಿಯ ಹಾರ್ಮೋನು ಅಂತಷ್ಟೇ ತಿಳಿದವರು ಬಹಳ. ಆದರೆ ಇದೇ ಕಾರ್ಟಿಸೋಲ್ ಮೆದುಳಿಗೆ ಹೋಗಿ 'ಇನ್ನು ಸಾಕು' ಅಂತಲೂ ಹೇಳುತ್ತದೆ. ಆ ಮಾತು ಕೇಳಿಸಿಕೊಳ್ಳುವ ಗ್ರಾಹಕವೇ (ಜೀವಕೋಶದಲ್ಲಿ ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನು, ರಿಸೆಪ್ಟರ್) ಕೆಟ್ಟ ಜೀಬ್ರಾ ಮೀನುಗಳ ಬಗ್ಗೆ 2013ರಲ್ಲಿ ಒಂದು ಅಧ್ಯಯನ ಬಂತು. ಅವುಗಳ ಮೈಯಲ್ಲಿ ಕಾರ್ಟಿಸೋಲ್ ಹೆಚ್ಚಾಗಿಯೇ ಇತ್ತು. ಮಾಮೂಲಿ ಮೀನುಗಳು ತೊಟ್ಟಿಗೆ ಮತ್ತೆ ಮತ್ತೆ ಬಿಟ್ಟಾಗ ಒಗ್ಗಿಕೊಂಡು ಓಡಾಡಿದವು, ಇವು ಮರಗಟ್ಟಿ ನಿಂತವು.

ನೀರಿಗೆ ಫ್ಲೂಆಕ್ಸೆಟೀನ್ ಬೆರೆಸಿದಾಗ ಅವೂ ಓಡಾಡತೊಡಗಿದವು. ಇದು ಮನುಷ್ಯರ ಖಿನ್ನತೆಗೆ ಕೊಡುವ ಔಷಧಿಯೇ. ನರಕೋಶ ಹೊರಬಿಟ್ಟ ಸೆರೊಟೋನಿನ್ ಎಂಬ ಸಂದೇಶ ಒಯ್ಯುವ ರಾಸಾಯನಿಕ ತಕ್ಷಣ ವಾಪಸ್ ಒಳಗೆ ಹೋಗದಂತೆ ತಡೆಯುತ್ತದೆ. ನಡವಳಿಕೆ ಮೊದಲು ಸರಿಹೋಯಿತು, ಕಾರ್ಟಿಸೋಲ್ ಇಳಿದದ್ದು ಆಮೇಲೆ. ಹಾಗಾಗಿ ಒಂದು ರಾಸಾಯನಿಕದ ಅಳತೆ ಹಿಡಿದು ಮೀನಿನ ಮನಸ್ಸು ಹೇಳಿಬಿಡುವವರನ್ನು ನಾನು ನಂಬುವುದಿಲ್ಲ.

ನನಗೆ ಇಷ್ಟವಾದದ್ದು ಅದೇ ಅಧ್ಯಯನದ ಇನ್ನೊಂದು ಭಾಗ. ಔಷಧಿಯೇ ಇಲ್ಲದೆ, ಇನ್ನೊಂದು ಮೀನು ಕಣ್ಣಿಗೆ ಬಿದ್ದರೆ ಸಾಕು, ಈ ಮೀನುಗಳು ಮತ್ತೆ ಈಜಾಡಿದವು. ಜೀಬ್ರಾ ಮೀನು ಗುಂಪಿನ ಜೀವಿ, ಅಲ್ವಾ? ಅದಕ್ಕೇ ವಿದ್ಯಾರ್ಥಿಗಳಿಗೆ ಪದೇ ಪದೇ ಹೇಳುತ್ತೇನೆ: ವಿಡಿಯೊ ಮುಗಿದ ಕೂಡಲೇ ಮೀನನ್ನು ಅದರ ಗುಂಪಿಗೆ ಬಿಡಿ, ಒಂಟಿಯಾಗಿ ಬೀಕರಿನಲ್ಲಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ.