ಅಣ್ಣಮ್ಮನ ಪೆಂಡಾಲಿನಲ್ಲಿ ಲೀಡರ್ ಫ್ಲೆಕ್ಸ್ ಯಾಕೆ? ಚಂದಾ ಕೊಡೋದಾ, ಬೇಡ್ವಾ?

ಓದುಗರ ಪ್ರಶ್ನೆ: ನಾವು ಬೆಂಗಳೂರಿಗೆ ಬಂದು ನಾಲ್ಕು ವರ್ಷ ಆಯ್ತು. ಲಗ್ಗೆರೆ ಕಡೆ ಬಾಡಿಗೆ ಮನೆ. ನಮ್ಮ ರಸ್ತೆಯಲ್ಲಿ ಪ್ರತಿ ವರ್ಷ ಅಣ್ಣಮ್ಮ ದೇವಿಯನ್ನು ಕೂರಿಸುತ್ತಾರೆ. ಅದೇ ಪೆಂಡಾಲಿನಲ್ಲಿ ರಕ್ತದಾನ, ಕಣ್ಣಿನ ತಪಾಸಣೆ, ಮಕ್ಕಳಿಗೆ ನೋಟ್‌ಬುಕ್ ಹಂಚಿಕೆ. ಸುತ್ತಲೂ ಲೀಡರ್‌ಗಳ ಫ್ಲೆಕ್ಸ್. ಇದು ಭಕ್ತಿನಾ, ಸೇವೆನಾ, ರಾಜಕೀಯನಾ? ಚಂದಾ ಕೇಳಿಕೊಂಡು ಬಂದರೆ ಏನು ಮಾಡಬೇಕು?

ಮೂರೂ ಹೌದು. ಅವನ್ನು ಬಿಡಿಸಿ ಬೇರೆ ಬೇರೆ ಇಡೋಕೆ ಆಗಲ್ಲ, ಯಾಕೆಂದರೆ ಮೂರನ್ನೂ ಮಾಡುವವರು ಅದೇ ಹತ್ತು ಹನ್ನೆರಡು ಹುಡುಗರು. ಮೆಜೆಸ್ಟಿಕ್ ಹತ್ತಿರದ ಅಣ್ಣಮ್ಮನ ಗುಡಿಗೆ ಹೋಗಿ ಉತ್ಸವಮೂರ್ತಿಯನ್ನು ಕರೆತರುವವರು ಅವರೇ. ತಮಟೆಯವರಿಗೆ ಅಡ್ವಾನ್ಸ್ ಕೊಡುವವರು ಅವರೇ. ಅನ್ನಸಂತರ್ಪಣೆಯಲ್ಲಿ ಬಕೆಟ್ ಹಿಡಿದು ಸಾರು ಬಡಿಸುವವರೂ ಅವರೇ. ಯಾರಿಗಾದರೂ ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ಆಟೋ ಹಿಡಿದು ತರುವವರೂ ಅವರೇ. ಎಲೆಕ್ಷನ್ ದಿನ ಬೂತ್‌ಗೆ ಸ್ವಲ್ಪ ದೂರದಲ್ಲಿ ಟೇಬಲ್ ಹಾಕಿಕೊಂಡು ಓಟರ್ ಚೀಟಿ ಹುಡುಕಿಕೊಡುವವರೂ ಅವರೇ.

ಶಾಮಿಯಾನ, ಸೌಂಡು, ಲೈಟು, ಆರ್ಕೆಸ್ಟ್ರಾ ಅಂತ ಖರ್ಚು ಏರುತ್ತಾ ಹೋಗುತ್ತದೆ. ಮನೆಮನೆಯ ಚಂದಾ ಅದಕ್ಕೆ ಸಾಲುವುದಿಲ್ಲ. ಆಗ ಲೀಡರ್ ಹತ್ತಿರ ಹೋಗುತ್ತಾರೆ. ಅವರಿಗೆ ಈ ಹುಡುಗರು ಬೇಕು, ಹುಡುಗರಿಗೆ ಅವರ ದುಡ್ಡು ಬೇಕು. ‘ಶುಭ ಕೋರುವವರು’ ಅನ್ನೋ ಫ್ಲೆಕ್ಸ್ ಆ ಲೆಕ್ಕದ ರಸೀದಿ ಇದ್ದ ಹಾಗೆ.

ಇದು ಇವತ್ತು ನಿನ್ನೆಯದಲ್ಲ. ನಮ್ಮೂರಿನಲ್ಲಿ ಸೇವೆ ಅನ್ನೋದು ಮೊದಲಿಂದಲೂ ಜಾತಿ, ಧರ್ಮ, ರಾಜಕೀಯ ಮೂರರ ಜೊತೆಗೇ ಬೆಳೆದಿದೆ. ಸಿಟಿ ರೈಲ್ವೆ ಸ್ಟೇಷನ್ ಎದುರು ಗುಬ್ಬಿ ತೋಟದಪ್ಪನವರ ಛತ್ರ 1903ರಲ್ಲಿ ಶುರುವಾಯಿತು. ಪರಊರಿನವರಿಗೆ ತಂಗಲು ಜಾಗ, ಬಡ ಹುಡುಗರಿಗೆ ಹಾಸ್ಟೆಲ್. 1906ರಲ್ಲಿ ಒಕ್ಕಲಿಗರ ಸಂಘ ಬಂತು. ಹಳ್ಳಿಯಿಂದ ಬಂದ ಹುಡುಗನಿಗೆ ಊಟ, ಹಾಸಿಗೆ, ಓದು ಸಿಕ್ಕಿದ್ದು ಇಂಥ ಕಡೆಗಳಲ್ಲಿ. 1918ರಲ್ಲಿ ಮೈಸೂರು ಸರ್ಕಾರ ಮಿಲ್ಲರ್ ಸಮಿತಿ ಮಾಡಿ, ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಹೇಗೆ ಕೊಡೋದು ಅಂತ ಕೇಳಿತು. ಪಾಲು ಬೇಕೆಂದರೆ ಮೊದಲು ಓದಿದವರು ಬೇಕು, ಓದಬೇಕೆಂದರೆ ಹಾಸ್ಟೆಲ್ ಬೇಕು. ಹಾಗಾಗಿ ಹಾಸ್ಟೆಲ್ಲು ಬರೀ ಧರ್ಮಕಾರ್ಯ ಆಗಿ ಉಳಿಯಲಿಲ್ಲ, ರಾಜಕೀಯದ ಪಾಠಶಾಲೆಯೂ ಆಯಿತು. 1966ರಲ್ಲಿ ಡಾ. ಮುಮ್ತಾಜ್ ಅಹಮದ್ ಖಾನ್ ಅಲ್-ಅಮೀನ್ ಶಿಕ್ಷಣ ಸಂಸ್ಥೆ ಕಟ್ಟಿದರು, ಮುಸ್ಲಿಂ ಮಕ್ಕಳು ಕಾಲೇಜು ಮೆಟ್ಟಿಲು ಹತ್ತಲಿ ಅಂತ. ಅದಕ್ಕೂ ತುಂಬಾ ಹಿಂದೆ, 1886ರಲ್ಲೇ, ಕ್ರೈಸ್ತ ಸನ್ಯಾಸಿನಿಯರು ಸೇಂಟ್ ಮಾರ್ಥಾಸ್ ಆಸ್ಪತ್ರೆ ತೆರೆದಿದ್ದರು. ಇವರಲ್ಲಿ ಯಾರೂ ‘ಸೇವೆ ಮಾತ್ರ, ನಂಬಿಕೆ ಪಕ್ಕಕ್ಕೆ’ ಅಂದುಕೊಂಡು ಹೊರಟವರಲ್ಲ. ನಂಬಿಕೆ ಇದ್ದದ್ದಕ್ಕೇ ಕೆಲಸ ಆಯಿತು.

ಈಚಿನ ಕಾರಣ ಇನ್ನೊಂದಿದೆ, ನನಗೆ ಜಾಸ್ತಿ ಬೇಜಾರು ಮಾಡುವುದು ಅದೇ. ಬಿಬಿಎಂಪಿ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಅಷ್ಟೂ ದಿನ ಮೋರಿ ಕಟ್ಟಿಕೊಂಡರೆ ಜನ ಯಾರ ಮನೆ ಬಾಗಿಲು ಬಡಿಯಬೇಕಿತ್ತು? ಶಾಸಕರು ದೂರ, ಆಫೀಸರ್ ಫೋನ್ ಎತ್ತಲ್ಲ. ಪೆಂಡಾಲ್ ಹಾಕುವ ಹುಡುಗರೇ ‘ಅಣ್ಣ’ ಆದರು. ಹಕ್ಕಿನಿಂದ ಕೇಳಬೇಕಾದ ನೀರನ್ನು ನಾವು ಪರಿಚಯದಿಂದ ಕೇಳುವುದನ್ನು ಕಲಿತೆವು.

ಪರಿಚಯ ಇಲ್ಲದವರ ಪಾಡೇನು? 2020ರ ಲಾಕ್‌ಡೌನ್‌ನಲ್ಲಿ ನಮ್ಮ ಹಿಂದಿನ ಬೀದಿಯಲ್ಲಿ ರೇಷನ್ ಕಿಟ್ ಹಂಚುತ್ತಿದ್ದರು. ಅಕ್ಕಿ, ಬೇಳೆ, ಎಣ್ಣೆ, ಚೀಲದ ಮೇಲೆ ಒಬ್ಬರ ನಗುಮುಖ. ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬ ಹೆಂಗಸು ಮಗಳ ಕೈ ಹಿಡಿದುಕೊಂಡು ಸಾಲಿನಲ್ಲಿ ನಿಂತಿದ್ದರು. ಅವರ ಸರದಿ ಬಂದಾಗ ಪಟ್ಟಿ ಹಿಡಿದವನು ಕೇಳಿದ: ‘ಓಟು ಇಲ್ಲಿದ್ಯೇನಮ್ಮ?’ ಅವರು, ‘ಪಾವಗಡದಲ್ಲೈತಪ್ಪ’ ಅಂದರು. ‘ಹಂಗಾದ್ರೆ ಆಮೇಲೆ ನೋಡಾಣ, ಪಕ್ಕಕ್ಕೆ ನಿಂತ್ಕೊಳ್ಳಿ.’ ಅವರು ಪಕ್ಕಕ್ಕೆ ನಿಂತರು. ಕಿಟ್ ಖಾಲಿ ಆಯಿತು. ಆ ಮಗು ಚೀಲದ ಮೇಲಿನ ಫೋಟೊವನ್ನೇ ನೋಡುತ್ತಿತ್ತು. ಅದನ್ನು ನನಗೆ ಇವತ್ತಿಗೂ ಮರೆಯೋಕೆ ಆಗಿಲ್ಲ.

ಅದರ ಮರುವರ್ಷ ಎರಡನೇ ಅಲೆಯಲ್ಲಿ ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿ ನಿಂತಾಗ, ಮುಸ್ಲಿಂ ಮತ್ತು ಕ್ರೈಸ್ತ ಹುಡುಗರು ಪಿಪಿಇ ಕಿಟ್ ಹಾಕಿಕೊಂಡು ಯಾರದೋ ಮನೆಯ ಹೆಣಕ್ಕೆ ಅವರವರ ಪದ್ಧತಿಯಂತೆಯೇ ಅಂತ್ಯಸಂಸ್ಕಾರ ಮಾಡಿದರು. ಸತ್ತವರ ಓಟು ಎಲ್ಲಿದೆ ಅಂತ ಯಾರೂ ಕೇಳಲಿಲ್ಲ.

ಹಾಗಾಗಿ ಫ್ಲೆಕ್ಸ್ ಇದೆಯಾ ಇಲ್ಲವಾ ಅನ್ನೋದಕ್ಕಿಂತ, ಓಟು ಇಲ್ಲದವರಿಗೂ ಅಲ್ಲಿ ಊಟ, ಕನ್ನಡಕ, ನೋಟ್‌ಬುಕ್ ಸಿಗುತ್ತಾ ಅಂತ ನೋಡಿ. ಬೇರೆ ದೇವರನ್ನು ನಂಬುವವರು ಆ ಪೆಂಡಾಲಿನ ಮುಂದೆ ಹೆದರದೆ ಓಡಾಡ್ತಾರಾ ನೋಡಿ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆ ಧರ್ಮರಾಯನ ಗುಡಿಯಿಂದ ಹೊರಡುವ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿಯೇ ಮುಂದೆ ಸಾಗುತ್ತದೆ, ಅಲ್ವಾ? ಭಕ್ತಿ ಒಂಚೂರೂ ಕಡಿಮೆ ಆಗಿಲ್ಲ.

ಕಾನೂನಿನ ಮಾತು ಚಿಕ್ಕದು. ಶಾಸಕರು ಬಂದು ಮಂಗಳಾರತಿ ತೆಗೆದುಕೊಂಡರೆ ತಪ್ಪೇನಿಲ್ಲ. ಆದರೆ ದೇವಸ್ಥಾನ, ಮಸೀದಿ, ಚರ್ಚಿನ ಆವರಣವನ್ನಾಗಲಿ, ಅವು ನಡೆಸುವ ಉತ್ಸವವನ್ನಾಗಲಿ ರಾಜಕೀಯ ಪ್ರಚಾರಕ್ಕೆ ಬಳಸಬಾರದು ಅಂತ 1988ರ ಧಾರ್ಮಿಕ ಸಂಸ್ಥೆಗಳ ದುರ್ಬಳಕೆ ತಡೆ ಕಾಯ್ದೆ ಹೇಳುತ್ತದೆ. ಧರ್ಮದ ಹೆಸರಲ್ಲಿ ಓಟು ಕೇಳುವುದು ಚುನಾವಣಾ ಕಾನೂನಿನಲ್ಲಿ ಭ್ರಷ್ಟ ಆಚರಣೆ. 2017ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ಮತದಾರರ ಧರ್ಮ ಹಿಡಿದು ಕೇಳಿದರೂ ಅದೇ ತಪ್ಪು ಅಂದಿತು.

ಇನ್ನು ಚಂದಾ. ಮನಸ್ಸಿದ್ದರೆ ಕೊಡಿ, ನಿಮ್ಮ ಕೈಲಾದಷ್ಟು. ಯಾರೂ ಇಷ್ಟೇ ಕೊಡಬೇಕು ಅಂತ ಜಬರ್ದಸ್ತಿ ಮಾಡುವ ಹಾಗಿಲ್ಲ, ಮಾಡಿದರೆ ಪೊಲೀಸ್ ಠಾಣೆಗೆ ಹೋಗಿ. ರಸೀದಿ ಕೇಳಿ. ಸಂಘ ನೋಂದಣಿ ಆಗಿದೆಯಾ ಕೇಳಿ. ಆಗಿದ್ದರೆ ವರ್ಷವರ್ಷ ರಿಜಿಸ್ಟ್ರಾರ್‌ಗೆ ಲೆಕ್ಕ ಕೊಡಬೇಕಾಗುತ್ತದೆ. ಹಬ್ಬ ಮುಗಿದ ಮೇಲೆ ಲೆಕ್ಕ ಎಲ್ಲಿ ಹಾಕ್ತೀರಪ್ಪ ಅಂತಲೂ ಕೇಳಿ. ಸುಮ್ನೆ ನಗುತ್ತಾ ಕೇಳಿದರೆ ಸಾಕು, ಯಾರೂ ಕೋಪ ಮಾಡಿಕೊಳ್ಳಲ್ಲ.

ನಮ್ಮ ರಸ್ತೆಯ ಹುಡುಗರು ಹಾಲಿನ ಬೂತ್ ಗೋಡೆಗೆ ಒಂದು ಚಾರ್ಟ್ ಅಂಟಿಸುತ್ತಾರೆ. ಎಡಗಡೆ ಕೊಟ್ಟವರು, ಬಲಗಡೆ ಖರ್ಚು: ಶಾಮಿಯಾನ, ಗ್ಯಾಸು, ಅಕ್ಕಿ, ತಮಟೆ. ಕೆಳಗೆ ಉಳಿದ ದುಡ್ಡು. ಕಳೆದ ಸಲ ಲೀಡರ್ ಹೆಸರೂ ಅದರಲ್ಲಿತ್ತು. ಇಸ್ತ್ರಿ ಅಂಗಡಿಯವರ ಹೆಸರಿನ ಕೆಳಗೆ, ಟೈಲರ್ ಅಕ್ಕನ ಹೆಸರಿನ ಮೇಲೆ, ಅದೇ ಸ್ಕೆಚ್ ಪೆನ್ನಲ್ಲಿ, ಅಷ್ಟೇ ಅಕ್ಷರದಲ್ಲಿ.